ಚೀಲದ ತೂಕ, ಚೀಲದೊಳಗಿನ ಕಾಳು



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಹೋದ ವಾರ ನಮ್ಮ ಗುಂಪಿನಲ್ಲಿ ಒಬ್ಬ ತಂಗಿ ಕೇಳಿದ್ದಳು: "ಅಣ್ಣಾ, ತೂಕ ಇಳಿಸೋದು ಧಮ್ಮದಾಗ ಬರ್ತೈತೇನು? ಅದು ಮೈಮ್ಯಾಲಿನ ಮೋಹ ಅಲ್ಲೇನು?" ಪ್ರಶ್ನೆ ಒಳ್ಳೆಯದು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದುಬಿಟ್ಟೆ. ಈ ವಿಷಯ ತೆಗೆದರೆ ನನಗೆ ನನ್ನ ಅಣ್ಣನ ಎಡಗಾಲು ಕಣ್ಣಮುಂದೆ ಬರುತ್ತದೆ. ಆದರೂ ಇವತ್ತು ಬರೆದುಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಸುತ್ತದ ಕಥೆ. ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿ ದೋಣಪಾಕ ಎಂಬ ಪುಟ್ಟ ಸುತ್ತವಿದೆ. ಕೋಸಲದ ರಾಜ ಪಸೇನದಿ ಒಂದು ದೋಣ ಅಕ್ಕಿಯ ಅನ್ನ ಉಣ್ಣುತ್ತಿದ್ದ. ದೋಣ ಅಂದರೆ ನಮ್ಮ ಹಳೆಯ ಕೊಳಗದಂಥ ದೊಡ್ಡ ಅಳತೆ. ಒಂದು ದಿನ ಉಂಡು, ಏದುಸಿರು ಬಿಡುತ್ತ ಬಂದು ಭಗವಾನರ ಪಕ್ಕ ಕೂತ. ಭಗವಾನರು ಅವನನ್ನು ನೋಡಿದರು. ಬೈಯಲಿಲ್ಲ, ನಗಲಿಲ್ಲ, ಹೊಟ್ಟೆಯ ಮಾತು ತೆಗೆಯಲಿಲ್ಲ. ಎಚ್ಚರದಿಂದಿದ್ದು, ಸಿಕ್ಕ ಊಟದಲ್ಲಿ ಮಿತಿ ಅರಿತವನಿಗೆ ಬಾಧೆ ಕಡಿಮೆ, ಮುಪ್ಪೂ ನಿಧಾನ ಎಂಬರ್ಥದ ಒಂದು ಗಾಥೆ ಹೇಳಿದರು, ಅಷ್ಟೆ. ರಾಜನ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. ಈ ಗಾಥೆ ಬಾಯಿಪಾಠ ಮಾಡು, ನಾನು ಉಣ್ಣುವಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ ರಾಜ. ಹುಡುಗ ಹೇಳುತ್ತ ಹೋದ, ರಾಜ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದ, ಕೊನೆಗೆ ಒಂದು ನಾಳಿ ಅಕ್ಕಿಯ ಅನ್ನಕ್ಕೆ ಬಂದು ನಿಂತ. ಮೈ ಹಗುರಾಯಿತು. ತನ್ನ ಕೈಕಾಲು ತಾನೇ ಸವರಿಕೊಂಡು, ಭಗವಾನರು ಈ ಬದುಕಿಗೂ ಮುಂದಿನದಕ್ಕೂ ನನ್ನ ಮೇಲೆ ಕರುಣೆ ತೋರಿದರು ಎಂದು ಸಂತೋಷಪಟ್ಟ.

ಹಾಗಾಗಿ ತಂಗಿಗೆ ಉತ್ತರ: ಬರುತ್ತದೆ. ಭಗವಾನರೇ ಒಬ್ಬನ ತೂಕ ಇಳಿಸಿದ್ದಾರೆ.

ಆದರೆ ಈ ಸುತ್ತವನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ತಕ್ಕಡಿ ಇಲ್ಲ. ರಾಜ ಮೊದಲು ಎಷ್ಟು ತೂಗುತ್ತಿದ್ದ, ಆಮೇಲೆ ಎಷ್ಟಾದ ಎಂದು ಯಾರೂ ಕೇಳುವುದಿಲ್ಲ. ಅಳೆದದ್ದು ಅಕ್ಕಿಯನ್ನು, ಮನುಷ್ಯನನ್ನಲ್ಲ. ಬಾಧೆಯ ಗುರುತು ಅವನ ಏದುಸಿರು. ಗುಣವಾದ ಗುರುತು ಅವನೇ ಕೈಯಿಂದ ಮುಟ್ಟಿ ಅರಿತ ಮೈ. ಇಷ್ಟು ಸಣ್ಣ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಕಸುಬು ನಿಮಗೆ ಗೊತ್ತು. ನಮ್ಮ ಶ್ರೀರಾಮನಗರದ ಒಂದು ರೈಸ್‌ಮಿಲ್ಲಿನಲ್ಲಿ ಕಾಟಾದ ಪಕ್ಕ ಕೂತು ಇಪ್ಪತ್ತೆರಡು ವರ್ಷವಾಯಿತು. ತೂಕವೇ ನನ್ನ ಅನ್ನ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಸೀಮೆಯಲ್ಲಿ ಜೋಳ ಹಿಂದೆ ಸರಿದು ಭತ್ತ ಬಂತು. ನಮ್ಮ ಅಜ್ಜಿ ಅನ್ನ ಕಂಡದ್ದು ಹಬ್ಬಕ್ಕೆ. ಅದೂ ಬೇರೆಯವರ ಹಿತ್ತಲಲ್ಲಿ ನಿಂತು ನೀಡಿಸಿಕೊಂಡದ್ದು. ಅವಳ ಮೊಮ್ಮಕ್ಕಳಾದ ನಾವು ಮೂರು ಹೊತ್ತೂ ಸೋನಾಮಸೂರಿ ಉಣ್ಣುತ್ತೇವೆ. ನನಗೆ ಹೊಟ್ಟೆ ಬಂದಾಗ ಅವ್ವ ಹಿಗ್ಗಿದ್ದಳು, "ಈಗ ನನ್ನ ಮಗ ಸಾವ್ಕಾರ ಕಂಡಂಗ ಕಾಣ್ತಾನ" ಅಂತ. ಹಸಿವು ಕಂಡ ಮನೆಯಲ್ಲಿ ಹೊಟ್ಟೆ ಒಂದು ಪದಕ ಇದ್ದಂತೆ. ಡಾಕ್ಟರುಗಳು ನಮ್ಮಂಥವರಿಗೆ ಊಟ ಕಡಿಮೆ ಮಾಡಿ ಎನ್ನುವಾಗ ಇದನ್ನು ತಿಳಿದಿದ್ದರೆ ಒಳ್ಳೆಯದು.

ನಮ್ಮ ಬಳಗ ಒಮ್ಮೆ ಕೊಪ್ಪಳದ ಅಶೋಕನ ಶಾಸನ ನೋಡಲು ಹೋದದ್ದು ನೆನಪಿದೆಯಲ್ಲ. ಗವಿಮಠದ್ದು ಒಂದು, ಪಾಲ್ಕಿಗುಂಡಿನದು ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನ ಅಕ್ಷರಗಳು ಬಹುಪಾಲು ಸವೆದುಹೋಗಿವೆ, ಆದರೂ ಹತ್ತಿ ನೋಡಬೇಕೆಂದು ಆಸೆ. ಅರ್ಧ ಬಂಡೆ ಹತ್ತುವುದರೊಳಗೆ ನಾನು ಮೂರು ಕಡೆ ಕೂತೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ತೆಳ್ಳಗಿನ ಆಳು, ಕೈಬೀಸಿಕೊಂಡು ಹತ್ತಿ ಮೇಲಿಂದ ಕೂಗಿದ: "ಏ ಪಸೇನದಿ, ಬಾರೋ ಮ್ಯಾಲ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ತೂಕ ಆಗ 86 ಕೆಜಿ, ಎತ್ತರ 164 ಸೆಂಟಿಮೀಟರ್.

2024ರ ಮೇ 23ರ ಬುದ್ಧ ಪೂರ್ಣಿಮೆಗೆ ನಾವು ಆರೋಗ್ಯ ತಪಾಸಣೆ ಇಟ್ಟುಕೊಂಡೆವು. ತೂಕದ ಯಂತ್ರ ಇಟ್ಟದ್ದು ನನ್ನ ಮುಂದೆಯೇ. ಕಾಟಾದವನಿಗಿಂತ ಬೇರೆ ಯಾರು ಬೇಕು? ಗೋಡೆಗೆ ಬಿಎಂಐ ಪಟ್ಟಿ ಅಂಟಿಸಿದ್ದೆವು. ಲೆಕ್ಕ ಸರಳ: ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸುವುದು. 18.5ರಿಂದ 25ರ ಒಳಗಿದ್ದರೆ ಹಸಿರು, ಅದರ ಮೇಲೆ ಹಳದಿ, 30 ದಾಟಿದರೆ ಕೆಂಪು. ಸಕ್ಕರೆ ನೋಡುವ ಪಟ್ಟಿಗಳು ಐವತ್ತೇ ಇದ್ದವು, ಬಂದವರು ನೂರರ ಮೇಲೆ. ಹಾಗಾಗಿ ಹಸಿರಿನವರಿಗೆ ಸಕ್ಕರೆ ಪರೀಕ್ಷೆ ಬೇಡ, ಹಳದಿ ಮತ್ತು ಕೆಂಪಿನವರಿಗೆ ಮಾತ್ರ ಎಂದು ನಿಯಮ ಮಾಡಿದವನು ನಾನು. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿ.

ಅಣ್ಣ ಬಂದು ನಿಂತ. 170 ಸೆಂಟಿಮೀಟರ್, 64 ಕೆಜಿ. ಲೆಕ್ಕ ಹಾಕಿದೆ, 22.1. ಅಚ್ಚ ಹಸಿರು. ಅವನು ಸಕ್ಕರೆ ಮೇಜಿನ ಕಡೆ ನೋಡಿ, "ನಂದೂ ಒಂದು ಹನಿ ನೋಡಿಬಿಡ್ಲೇನು, ಯಾಕೋ ಸುಸ್ತು ಭಾಳ ಐತಿ" ಅಂದ. ನಾನು, "ನಿನಗ್ಯಾಕೋ ಅದು, ಒಣಕಟ್ಟಿಗಿ ಇದ್ದಂಗ ಇದ್ದಿ, ದಪ್ಪನವರಿಗೆ ಬಿಡು" ಅಂದೆ. ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಬಿಗಿದು ಎಳೆದಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಅದು ನನ್ನ ಕಣ್ಣಿಗೆ ಕಂಡಿತ್ತು ಬಂಧುಗಳೇ. ಆದರೆ ನಾನು ನೋಡುತ್ತಿದ್ದದ್ದು ಗೋಡೆಯ ಪಟ್ಟಿಯನ್ನು.

ಆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರ ಕ್ಯಾಂಪುಗಳಲ್ಲೆಲ್ಲ ಒಂದೇ ಮಾತು, ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು. ಆ ವಾರ ಅಣ್ಣ ನಮ್ಮ ಮನೆಯಲ್ಲೇ ಮಲಗುತ್ತಿದ್ದ. ರಾತ್ರಿ ನಾಲ್ಕು ಸಲ, ಐದು ಸಲ ಮೂತ್ರಕ್ಕೆ ಏಳುತ್ತಿದ್ದ. ಡ್ಯಾಮಿನ ನೀರು ಎಣಿಸುತ್ತಿದ್ದ ನಾವು ಅದನ್ನು ಎಣಿಸಲಿಲ್ಲ.

ಡಿಸೆಂಬರಿನಲ್ಲಿ ಕೊಯ್ದ ಗದ್ದೆಯ ಕೂಳೆ ಅವನ ಎಡಗಾಲಿಗೆ ಚುಚ್ಚಿತು. ಅವನಿಗೆ ನೋವೇ ಆಗಲಿಲ್ಲ. ಸಕ್ಕರೆ ಬಹುಕಾಲ ಏರಿದ್ದರೆ ಕಾಲಿನ ನರಗಳು ಮಂಕಾಗುತ್ತವೆ, ಚುಚ್ಚಿದ್ದು ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಅತ್ತಿಗೆ ವಾಸನೆ ಬಂತೆಂದು ನೋಡಿದಾಗ ಎರಡು ಬೆರಳು ಕಪ್ಪಾಗಿದ್ದವು. ಜನವರಿಯಲ್ಲಿ ಆ ಎರಡೂ ಬೆರಳು ತೆಗೆದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವತ್ತೂ ಶುಗರ್ ನೋಡಿಸಿಲ್ಲೇನು?" ಅಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮಾಡಿದ್ದು ಒಂದೇ ಕೆಲಸ, ಆ ಬಿಎಂಐ ಎಂಬುದು ಎಲ್ಲಿಂದ ಬಂತು ಎಂದು ಫೋನಿನಲ್ಲಿ ಓದುವುದು. ತಪ್ಪಿತಸ್ಥ ಮನಸ್ಸಿಗೆ ಬೇರೊಬ್ಬ ತಪ್ಪಿತಸ್ಥ ಬೇಕಿತ್ತು, ಇರಲಿ. ಬೆಲ್ಜಿಯಂ ದೇಶದ ಅಡಾಲ್ಫ್ ಕ್ವೆಟ್ಲೆ ಎಂಬ ಗಣಿತಜ್ಞ, ಖಗೋಳದ ಲೆಕ್ಕ ಮಾಡುತ್ತಿದ್ದವನು, 1832ರ ಸುಮಾರಿಗೆ ಈ ಲೆಕ್ಕ ಕಟ್ಟಿದ. ಅವನಿಗೆ ಬೇಕಿದ್ದದ್ದು "ಸರಾಸರಿ ಮನುಷ್ಯ". ಒಬ್ಬೊಬ್ಬರ ರೋಗ ಕಂಡುಹಿಡಿಯಲು ಅವನು ಅದನ್ನು ಮಾಡಿದ್ದಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೊಸ ಹೆಸರಿಟ್ಟ. ದೊಡ್ಡ ಗುಂಪುಗಳನ್ನು ಹೋಲಿಸಲು ಒಳ್ಳೆಯ ಅಳತೆ. ಒಂದು ಜಿಲ್ಲೆಯ ಜನ ದಪ್ಪಗಾಗುತ್ತಿದ್ದಾರೋ ಸೊರಗುತ್ತಿದ್ದಾರೋ ತಿಳಿಯಬೇಕಾದರೆ ಈಗಲೂ ಅದೇ ಅನುಕೂಲ. ಸೊರಗಿದವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ, ಹಾಗಾಗಿ ಅದನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ.

ಆದರೆ ಒಬ್ಬ ಮನುಷ್ಯ ಮುಂದೆ ನಿಂತಾಗ ಅದಕ್ಕೆ ಕಣ್ಣಿಲ್ಲ. ಸ್ನಾಯು ಯಾವುದು, ಕೊಬ್ಬು ಯಾವುದು, ಎಲುಬು ಯಾವುದು, ನೀರು ಯಾವುದು, ಅದಕ್ಕೆ ಗೊತ್ತಾಗುವುದಿಲ್ಲ. ಕೊಬ್ಬು ತೊಡೆಯಲ್ಲಿದೆಯೋ, ಹೊಟ್ಟೆಯೊಳಗೆ ಯಕೃತ್ತಿನ ಸುತ್ತ ಕೂತಿದೆಯೋ, ಅದೂ ಗೊತ್ತಾಗುವುದಿಲ್ಲ. ನಮ್ಮ ಮಿಲ್ಲಿನ ಹಮಾಲರನ್ನು ಅದರ ಮುಂದೆ ನಿಲ್ಲಿಸಿ. 75 ಕೆಜಿ ಚೀಲ ಬೆನ್ನ ಮೇಲೆ ಹೊತ್ತು ಓಡುವ ಗಟ್ಟಿ ಆಳಿಗೆ ಹಳದಿ ಬೀಳುತ್ತದೆ, ನನ್ನ ಅಣ್ಣನಿಗೆ ಹಸಿರು.

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿದ್ದಾರೆ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು, ಯಾಜ್ಞಿಕ್ ಅವರದರಲ್ಲಿ 21.2. ಸಂಖ್ಯೆ ಒಂದೇ, ಒಳಗಿರುವುದು ಎರಡು ಪಟ್ಟು. ನಮ್ಮ ದೇಶದವರು ಹೊರಗೆ ತೆಳ್ಳಗೆ, ಒಳಗೆ ಕೊಬ್ಬು ಎಂದು ಯಾಜ್ಞಿಕ್ ಬಹಳ ವರ್ಷದಿಂದ ಹೇಳುತ್ತ ಬಂದಿದ್ದಾರೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು 23ಕ್ಕೇ ಎಚ್ಚರಾಗಬೇಕು ಎಂದರು. ಆ ಪಟ್ಟಿ ಹಾಕಿದ್ದರೂ ನನ್ನ ಅಣ್ಣ ಹಸಿರಿನಲ್ಲೇ ಇರುತ್ತಿದ್ದ ಅನ್ನಿ. ಅಣ್ಣನ ಬೆರಳು ತೆಗೆದ ಅದೇ 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಒಂದು ಆಯೋಗ, ಬಿಎಂಐ ಒಂದರಿಂದಲೇ ಬೊಜ್ಜಿನ ರೋಗವನ್ನು ತೀರ್ಮಾನಿಸಬೇಡಿ, ಸೊಂಟದ ಸುತ್ತಳತೆಯಂಥ ಇನ್ನೊಂದು ಅಳತೆ ನೋಡಿ, ಅಂಗಗಳು ಹೇಗಿವೆ ನೋಡಿ ಎಂದು ವರದಿ ಕೊಟ್ಟಿತು. ಬೆಂಚಿನ ಮೇಲೆ ಕೂತು ಆ ಸುದ್ದಿ ಓದಿದೆ. ಸಮಾಧಾನವೇನೂ ಆಗಲಿಲ್ಲ.

ನಗು ಬರುವ ಮಾತೆಂದರೆ, ಇದನ್ನು ಕಾಟಾದವನಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 75 ಕೆಜಿಯ ಎರಡು ಚೀಲ ಬರಲಿ, ತೂಕ ನೋಡಿ ದುಡ್ಡು ಕೊಡುತ್ತೇವೆಯೇ? ಕೊಳವೆ ಚುಚ್ಚಿ ಕಾಳು ತೆಗೆಯುತ್ತೇವೆ, ಅಂಗೈಯಲ್ಲಿ ಉಜ್ಜುತ್ತೇವೆ, ಹಲ್ಲಿಗೆ ಕಚ್ಚುತ್ತೇವೆ, ತೇವಾಂಶದ ಯಂತ್ರಕ್ಕೆ ಹಾಕುತ್ತೇವೆ. ಸರ್ಕಾರದ ಖರೀದಿಯಲ್ಲೂ ತೇವಾಂಶ 17 ಪ್ರತಿಶತ ಮೀರಬಾರದು. ಹಸಿ ಭತ್ತ ಭಾರವಾಗಿಯೇ ತೂಗುತ್ತದೆ. ಜೊಳ್ಳು ಎಷ್ಟು, ಮಣ್ಣು ಎಷ್ಟು, ಇದೆಲ್ಲ ನೋಡದೆ ಚೀಲ ಇಳಿಸಿಕೊಂಡರೆ ಸಾವ್ಕಾರ ಮರುದಿನವೇ ನನ್ನನ್ನು ಮನೆಗೆ ಕಳಿಸುತ್ತಾನೆ. ಭತ್ತಕ್ಕೆ ಕೊಟ್ಟ ಈ ಗಮನವನ್ನು ನಾನು ಒಡಹುಟ್ಟಿದವನಿಗೆ ಕೊಡಲಿಲ್ಲ.

ಸತಿಪಟ್ಠಾನ ಸುತ್ತವನ್ನು ನಾವು ವರ್ಷಗಟ್ಟಲೆ ಓದಿದ್ದೇವೆ. ದೇಹವನ್ನು ನೋಡುವ ಬಗೆಗೆ ಭಗವಾನರು ಕೊಡುವ ಹೋಲಿಕೆ ಏನು? ಎರಡು ಬಾಯಿಯ ಚೀಲ, ಅದರೊಳಗೆ ಅಕ್ಕಿ, ಭತ್ತ, ಹೆಸರು, ಉದ್ದು, ಎಳ್ಳು, ಹೀಗೆ ಬಗೆಬಗೆಯ ಕಾಳು. ಕಣ್ಣಿರುವ ಮನುಷ್ಯ ಆ ಚೀಲ ಬಿಚ್ಚಿ, ಇದು ಭತ್ತ, ಇದು ಹೆಸರು ಎಂದು ಒಂದೊಂದನ್ನೂ ಗುರುತಿಸುತ್ತಾನೆ. ದೇಹವನ್ನು ಹಾಗೆ ನೋಡಿರಿ ಎನ್ನುತ್ತಾರೆ. ಚೀಲವನ್ನು ತೂಗಿರಿ ಎನ್ನುವುದಿಲ್ಲ. ಆಮೇಲೆ ಬರುವ ಪಟ್ಟಿಯಲ್ಲಿ ಮಾಂಸ ಬೇರೆ, ನರ ಬೇರೆ, ಎಲುಬು ಬೇರೆ, ಯಕೃತ್ತು ಬೇರೆ. ಕೊಬ್ಬನ್ನು ಕೂಡ ಮೇದ, ವಸಾ ಎಂದು ಎರಡಾಗಿ ಹೇಳಿದ್ದಾರೆ. ಇದನ್ನು ನಾನು ಬರೀ ಅಸಹ್ಯದ ಧ್ಯಾನ ಎಂದುಕೊಂಡಿದ್ದೆ. ಮೈಮೇಲಿನ ಮೋಹ ಹೋಗಲಿ ಎಂದು ಹೇಳಿದ್ದು ನಿಜವೇ. ಆದರೆ ಮೋಹ ಹೋದಲ್ಲಿ ಅಸಡ್ಡೆ ಬರಲಿ ಎಂದು ಹೇಳಿಲ್ಲ. ಸರಿಯಾಗಿ ನೋಡು ಎಂಬುದೇ ಅಲ್ಲಿನ ಮಾತು ಎಂದು ಆಸ್ಪತ್ರೆಯ ವಾರ್ಡಿನಲ್ಲಿ ಅಣ್ಣನ ಕಾಲಿನ ಪಟ್ಟಿ ಬದಲಿಸುವಾಗ ನನಗೆ ಅನಿಸಿತು. ಆಗ ನನ್ನ ಕಣ್ಣು ಎಲ್ಲವನ್ನೂ ನೋಡುತ್ತಿತ್ತು.

ನನ್ನ ಕೆಂಪಿನ ಕಥೆ ಹೇಳಲಿಲ್ಲ. ಆ ಪೂರ್ಣಿಮೆಯಂದು ನನಗೆ 32 ಬಂದಿತ್ತು, ಊರವರ ಮುಂದೆ. ಅವಮಾನವಾಯಿತು. ಪಾಲಿಯಲ್ಲಿ ಮಾನ ಎಂದರೆ ಅಳತೆ, ಮಾನ ಎಂದರೆ ಅಹಂಕಾರ. ಎರಡರ ಬೇರು ಬೇರೆಬೇರೆ ಎನ್ನುತ್ತಾರೆ ತಿಳಿದವರು, ನನಗಂತೂ ಆ ಯಂತ್ರದ ಮೇಲೆ ಎರಡೂ ಒಂದಾಗಿಯೇ ಕಂಡವು. ನಾನು ಅವನಿಗಿಂತ ಮೇಲು, ಅವನಿಗೆ ಸಮ, ಅವನಿಗಿಂತ ಕೀಳು ಎಂಬ ಮೂರು ಮಾನಗಳನ್ನು ಭಗವಾನರು ಹೇಳಿದ್ದಾರಲ್ಲ, ಅಂದು ಸರದಿಯಲ್ಲಿ ನಿಂತವರ ಮುಖದಲ್ಲಿ ಮೂರೂ ಇದ್ದವು. ಮರುದಿನವೇ ಯಾರೋ ಮಾರುತ್ತಿದ್ದ ಪುಡಿ ತಂದೆ. ಮೂರು ವಾರ ಅದನ್ನೇ ಕಲಸಿ ಕುಡಿದೆ, ದಿನಕ್ಕೆ ನಾಲ್ಕು ಸಲ ತೂಗಿಕೊಂಡೆ. ಆರು ಕೆಜಿ ಇಳಿಯಿತು. ಇಪ್ಪತ್ತೆರಡನೆಯ ದಿನ ಕಾಟಾದ ಪಕ್ಕದಲ್ಲೇ ಕಣ್ಣು ಕತ್ತಲಿಟ್ಟು ಬಿದ್ದೆ. ಎರಡು ತಿಂಗಳಲ್ಲಿ ಆರೂ ಕೆಜಿ ಮರಳಿ ಬಂದವು.

ಇದೂ ಭತ್ತದ ಲೆಕ್ಕವೇ. ಊಟ ಏಕಾಏಕಿ ನಿಲ್ಲಿಸಿದರೆ ಮೈ ಮೊದಲು ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ. ಮೊದಲ ವಾರದ ಇಳಿತದಲ್ಲಿ ನೀರೇ ಹೆಚ್ಚು. ಅಂಗಳಕ್ಕೆ ಹಾಕಿದ ಹಸಿ ಭತ್ತದ ತೂಕ ಇಳಿದಂತೆ, ಜೊಳ್ಳು ಅಲ್ಲೇ ಇರುತ್ತದೆ. ಮುಂದುವರಿಸಿದರೆ ಸ್ನಾಯುವೂ ಕರಗುತ್ತದೆ. ಸಿದ್ಧಾರ್ಥರು ಹೊಟ್ಟೆ ಮುಟ್ಟಿದರೆ ಬೆನ್ನೆಲುಬು ಸಿಗುವಷ್ಟು ಉಪವಾಸ ಮಾಡಿ, ಇದು ದಾರಿಯಲ್ಲ ಎಂದು ಎದ್ದು ಊಟ ಮಾಡಿದವರು. ಅವರ ಹೆಸರಿನ ಹಬ್ಬದ ಮರುದಿನ ನಾನು ಪುಡಿ ಡಬ್ಬಿ ಹಿಡಿದುಕೊಂಡಿದ್ದೆ.

ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಪಸೇನದಿಯ ದಾರಿ ಹಿಡಿದೆ. ನನಗೆ ಸುದಸ್ಸನ ಆದವಳು ಎಂಟನೆಯ ತರಗತಿಯ ಮಗಳು. ಅನ್ನ ನೀಡುವ ಸೌಟನ್ನು ಅವಳ ಕೈಗೆ ಕೊಟ್ಟೆವು. ಮೂರನೆಯ ಸಲ ಕೈಚಾಚಿದರೆ, "ಅಪ್ಪಾ, ಹಸಿವಿಗೋ ರುಚಿಗೋ?" ಅಂತ ಕೇಳುತ್ತಾಳೆ, ಅಷ್ಟೆ. ನೂರು ಕಹಾಪಣ ಕೊಡುವ ಶಕ್ತಿ ನನಗಿಲ್ಲ, ತಿಂಗಳಿಗೊಂದು ಕಥೆ ಪುಸ್ತಕ ಎಂದು ಒಪ್ಪಂದ. ರಾತ್ರಿ ಅನ್ನದ ಬದಲು ಅಜ್ಜಿಯ ಕಾಲದ ಜೋಳದ ರೊಟ್ಟಿ, ಪುಂಡಿಪಲ್ಯೆ ಮರಳಿ ಬಂದಿವೆ. ಸಂಜೆ ಕಾಲುವೆಯ ಏರಿ ಮೇಲೆ ನಡಿಗೆ. ಹದಿನಾಲ್ಕು ತಿಂಗಳಾಯಿತು, 86 ಇದ್ದದ್ದು 76 ಆಗಿದೆ. ಬಿಎಂಐ ಇನ್ನೂ 28ರ ಮೇಲೆ, ಗೋಡೆಯ ಪಟ್ಟಿಯಲ್ಲಿ ಹಸಿರು ಇನ್ನೂ ದೂರ. ಆದರೆ ರಕ್ತದೊತ್ತಡ ಇಳಿದಿದೆ, ಗೊರಕೆ ನಿಂತಿದೆ ಎಂದು ಹೆಂಡತಿಯ ಸಾಕ್ಷಿ ಇದೆ. ಹೋದ ತಿಂಗಳು ಪಾಲ್ಕಿಗುಂಡನ್ನು ಒಂದೇ ಕಡೆ ಕೂತು ಹತ್ತಿದೆ. ಮೇಲಿಂದ ಕೂಗುವವನು ಈ ಸಲ ಕೆಳಗೆ ಮರದ ನೆರಳಿನಲ್ಲಿ ಕೂತಿದ್ದ.

ಅಣ್ಣನಿಗೆ ನಾನು ಕ್ಷಮೆ ಕೇಳಿದ್ದೇನೆ. ಅವನು, "ನೀ ಹೇಳಿದ್ದಿ ಅಂತ ನಾನೂ ಸುಮ್ನಾದ್ನಲ್ಲೋ, ನನಗೂ ಹಸಿರು ಅಂದಾಗ ಖುಷಿ ಆಗಿತ್ತು" ಅಂದ. ಈಗ ಮಾತ್ರೆ ತಪ್ಪಿಸುವುದಿಲ್ಲ, ದಿನಾ ಮಲಗುವ ಮುಂಚೆ ಕನ್ನಡಿ ಹಿಡಿದು ಎರಡೂ ಪಾದದ ಅಡಿ ನೋಡಿಕೊಳ್ಳುತ್ತಾನೆ. ಅದು ಅವನ ಕಾಯಾನುಪಸ್ಸನಾ ಎಂದು ನಾವು ತಮಾಷೆ ಮಾಡುತ್ತೇವೆ. ಪೂರಾ ತಮಾಷೆಯೂ ಅಲ್ಲ.

ಈ ಭಾನುವಾರದ ಅಧ್ಯಯನಕ್ಕೆ ಬರುವವರು ಒಂದು ದಾರ ತನ್ನಿ, ನಿಮ್ಮ ಎತ್ತರದಷ್ಟು ಉದ್ದದ್ದು. ಅದನ್ನು ಅರ್ಧಕ್ಕೆ ಮಡಚಿ, ಉಸಿರು ಬಿಟ್ಟು, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಗೆ ಸುತ್ತಿ ನೋಡೋಣ. ದಾರದ ತುದಿಗಳು ಕೂಡದಿದ್ದರೆ, ತೆಳ್ಳಗಿರಲಿ ದಪ್ಪಗಿರಲಿ, ಸಕ್ಕರೆ ಪರೀಕ್ಷೆ ಮಾಡಿಸಬೇಕು. ಇಂಚುಟೇಪು ಇದ್ದವರಿಗೆ, ನಮ್ಮ ದೇಶದ ವೈದ್ಯರು ಹೇಳುವ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅಣ್ಣನ ಸೊಂಟ 94 ಇತ್ತು, ಆಸ್ಪತ್ರೆಯಲ್ಲಿ ಅಳೆದದ್ದು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದವರು, ಸುಸ್ತು, ಬಾಯಾರಿಕೆ, ರಾತ್ರಿ ಮೂತ್ರ ಇರುವವರು ದಾರದ ಲೆಕ್ಕಕ್ಕೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಸಿಬಿಡಿ.

ಬರುವ ಬುದ್ಧ ಪೂರ್ಣಿಮೆಗೆ ಮತ್ತೆ ತಪಾಸಣೆ ಇಟ್ಟಿದ್ದೇವೆ. ಈ ಸಲ ಪಟ್ಟಿಗಳು ಇನ್ನೂರು ಇವೆ, ಚಂದಾ ಕೊಟ್ಟವರಿಗೆಲ್ಲ ಸಾಧು ಸಾಧು ಸಾಧು. ತೂಕದ ಯಂತ್ರದ ಪಕ್ಕದ ಕುರ್ಚಿಯಲ್ಲಿ ನಾನು ಕೂರುವುದಿಲ್ಲ, ಅಣ್ಣ ಕೂರುತ್ತಾನೆ. ಅವನೇ ಕೇಳಿ ಪಡೆದ ಕೆಲಸ ಅದು.

ನಮೋ ಬುದ್ಧಾಯ.